ಅವಳಿಗೆ ಯಾರೂ ಇಲ್ಲ ಎಂದು ಹೇಳಿಕೊಟ್ಟವಳು ನಾನು

ಹೊರದೇಶದ ಕ್ರೈಸ್ತ ವೈದ್ಯರ ತಂಡ ಬರುವ ಎರಡು ದಿನ ಮುಂಚೆ ನಮ್ಮ ವಾರ್ಡನ್ ಗೇಟಿಗೆ ಹಸಿರು ಬಣ್ಣ ಹೊಡೆಸಿದರು. ಒಣಗುವ ಮೊದಲೇ ಮಕ್ಕಳು ಮುಟ್ಟಿ, ಮೂವತ್ತೊಂದು ಮಕ್ಕಳಲ್ಲಿ ಅರ್ಧ ಜನದ ಅಂಗೈ ಹಸಿರಾಯಿತು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಊರಿಗಾಂನ ಹಳೇ ಚಿನ್ನದ ಗಣಿ ಕಂಪನಿ ಬಂಗಲೆಯೊಂದರಲ್ಲಿ ನಡೆಯುವ ಆ ಅನಾಥಾಲಯಕ್ಕೆ ನಾನು ನರ್ಸು. ಬಂಗಾರಪೇಟೆ ಪಕ್ಕದ ಹಳ್ಳಿ ನಮ್ಮದು. ಮನೆಯಲ್ಲಿ ಎರಡು ಸೀಮೆಹಸು, ಒಬ್ಬ ಗಂಡ, ಒಬ್ಬರು ಅತ್ತೆ. ನಾಲ್ಕೂ ಜೀವಕ್ಕೆ ಹಾಕಿಟ್ಟು ಬೆಳಗಿನ ರೈಲು ಹಿಡಿದರೆ ಮತ್ತೆ ಸಂಜೆ ರೈಲಿಗೇ ವಾಪಸು.

ತಂಡ ಬಂದಾಗ ನನಗೆ ಇನ್ನೊಂದು ಕೆಲಸ ಅಂಟಿಕೊಳ್ಳುತ್ತದೆ. ನರ್ಸಿಂಗ್ ಓದಿದ್ದರಿಂದ ಇಂಗ್ಲಿಷು ಬರುತ್ತದೆ, ತಮಿಳು ತೆಲುಗು ಈ ಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಗಾಗಿ ಮಾತು ತಿರುಗಿಸಿ ಹೇಳುವವಳು ನಾನೇ. ಹಣೆಯಲ್ಲಿ ಕುಂಕುಮ ಇಟ್ಟುಕೊಂಡೇ ಅವರ ಪ್ರಾರ್ಥನೆಯನ್ನು ಕನ್ನಡದಲ್ಲಿ ಹೇಳುತ್ತೇನೆ. ಅವರೂ ಅಳಿಸು ಅಂದಿಲ್ಲ, ನಾನೂ ಅಳಿಸಿಲ್ಲ. ಮೊದಲ ವರ್ಷವೇ ಅವರಲ್ಲೊಬ್ಬರು ಕೂರಿಸಿಕೊಂಡು ಒಂದು ನಿಯಮ ಹೇಳಿಕೊಟ್ಟಿದ್ದರು. ರೋಗಿ 'ನನಗೆ ನೋವು' ಅಂದರೆ ನೀನೂ 'ನನಗೆ ನೋವು' ಅಂತಲೇ ಹೇಳಬೇಕು, 'ಅವಳಿಗೆ ನೋವಂತೆ' ಅನ್ನಬಾರದು, ನಡುವೆ ನಿನ್ನ ಸ್ವಂತ ಮಾತು ಒಂದೂ ಬರಬಾರದು. ನನ್ನಂಥ ಬಾಯಿಬಡುಕಿಗೆ ಬಾಯಿಗೆ ಬಟ್ಟೆ ತುರುಕಿದ ಹಾಗಾಗಿತ್ತು. ಆದರೂ ಕಲಿತೆ. ಪ್ರತಿ ವರ್ಷ ಒಂದೊಂದು ಮಗುವಿನ ಪಕ್ಕ ನಿಂತು, 'ನನಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಯಾರೂ ಇಲ್ಲ' ಅಂತ ಇಂಗ್ಲಿಷಿನಲ್ಲಿ ಹೇಳುತ್ತಾ ಬಂದೆ.

ಮೂವತ್ತೊಂದರಲ್ಲಿ ನಿಜಕ್ಕೂ ಯಾರೂ ಇಲ್ಲದ ಮಕ್ಕಳು ಆರೋ ಏಳೋ. ಉಳಿದವರಿಗೆ ಎಲ್ಲೋ ಒಬ್ಬ ತಾಯಿ, ಇಲ್ಲ ಒಬ್ಬ ಅಜ್ಜಿ, ಸಾಕಲಾರದೆ ತಂದು ಬಿಟ್ಟವರು, ಇರುತ್ತಿದ್ದರು. ಆದರೆ ನೆರವು ಕೊಡುವವರ ಅರ್ಜಿಯಲ್ಲಿ 'ಅನಾಥ' ಅನ್ನುವುದಕ್ಕೆ ಹೌದು, ಇಲ್ಲ ಅಂತ ಎರಡೇ ಚೌಕ. ಇಲ್ಲ ಅಂದರೆ ಅರ್ಜಿ ವಾಪಸು. ಎರಡು ವರ್ಷದ ಕೆಳಗೆ ವಾರ್ಡನ್ ನನ್ನ ಕೈಲಿ ಫೈಲುಗಳನ್ನೆಲ್ಲ ಸರಿಮಾಡಿಸಿದರು. ತಂದೆತಾಯಿಯ ಹೆಸರು ಇರುವ ಕಾಗದ ಕಂಡರೆ ತೆಗೆ ಅಂದರು, ತೆಗೆದೆ. ಓದಿ ತೆಗೆದೆನೇ? ಇಲ್ಲ. ಹೆಸರು ನೋಡಿದೆ, ಎಳೆದೆ, ರಟ್ಟಿನ ಡಬ್ಬಕ್ಕೆ ಹಾಕಿದೆ. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆಮೇಲೆ ಡಬ್ಬ ಅಡುಗೆಮನೆಯ ಒಲೆಗೆ ಹೋಯಿತು. ಮಕ್ಕಳಿಗೆ ಆ ಮೂರು ಮಾತು ಬಾಯಿಪಾಠ ಮಾಡಿಸಿದವಳೂ ನಾನೇ. ತಂಡ ಇರುವ ದಿನ ಗೇಟಿಗೆ ಬೀಗ. ಭಾನುವಾರ ಬರುವ ಅಜ್ಜಿಯರಿಗೆ ಈ ವಾರ ಬರಬೇಡಿ ಅಂತ ಫೋನು ಮಾಡುವುದೂ ನನ್ನದೇ ಕೆಲಸ.

ಅಡುಗೆಯಾಕೆಗೆ ಮಾತ್ರ ಫೋನು ಬೇಕಿರಲಿಲ್ಲ, ಅವಳು ಒಳಗೇ ಇದ್ದಳು. ಬೇತಮಂಗಲ ಕಡೆಯ ಹಳ್ಳಿಯವಳು, ಗಂಡ ಬಿಟ್ಟು ಹೋದವನು. ಮಗಳನ್ನು ಐದು ವರ್ಷಕ್ಕೆ ನಮ್ಮಲ್ಲಿ ಸೇರಿಸಿ, ಬಿಟ್ಟಿರಲಾರದೆ ಅಲ್ಲೇ ಅಡುಗೆಗೆ ನಿಂತಳು. ಒಂದೇ ಷರತ್ತು, ಹುಡುಗಿ ಅವಳನ್ನು ಚಿಕ್ಕಮ್ಮ ಅನ್ನಬೇಕು. ಹುಡುಗಿ ಹಾಗೇ ಕರೆಯುತ್ತಿದ್ದಳು. ಈ ಸಂಗತಿ ನಮಗೆಲ್ಲರಿಗೂ ಗೊತ್ತಿತ್ತು, ವರ್ಷಕ್ಕೊಮ್ಮೆ ಬರುವ ತಂಡಕ್ಕೆ ಮಾತ್ರ ಗೊತ್ತಿರಲಿಲ್ಲ.

ಈ ಸಲದ ತಂಡದಲ್ಲಿ ಐದು ಜನ. ಅವರಲ್ಲಿ ಡಾಕ್ಟರಮ್ಮನೇ ಹಿರಿಯರು, ನರೆಗೂದಲು, ಗಂಟೆಗಟ್ಟಲೆ ನಿಂತರೂ ಕುರ್ಚಿ ಕೇಳದ ಹೆಂಗಸು. ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಯೇ ಮಕ್ಕಳ ಎದೆಗೆ ಇಡುತ್ತಿದ್ದರು. ಮೊದಲ ದಿನ ಹತ್ತೊಂಬತ್ತನೆಯವಳಾಗಿ ಬಂದವಳು ಅಡುಗೆಯಾಕೆಯ ಮಗಳು, ಒಂಬತ್ತು ವರ್ಷ. ಮೆಟ್ಟಿಲು ಹತ್ತುವಾಗ ಮೂರನೇ ಮೆಟ್ಟಿಲಲ್ಲೇ ಕೂರುತ್ತಾಳೆ, ಮಂಡಿ ಊದುತ್ತದೆ ಅಂತ ನಾನೇ ಹೇಳಿದೆ. ರಕ್ತ ಕಮ್ಮಿ ಅಂದುಕೊಂಡು ಆರು ತಿಂಗಳಿಂದ ಟಾನಿಕ್ ಕುಡಿಸುತ್ತಿದ್ದೆ, ಅದನ್ನೂ ಹೇಳಿದೆ. ಡಾಕ್ಟರಮ್ಮ ಎದೆಗಿಟ್ಟು ಕೇಳಿದರು, ಎಡಮಗ್ಗುಲಿಗೆ ಮಲಗಿಸಿ ಕೇಳಿದರು, ಬೆನ್ನಿಗಿಟ್ಟು ಕೇಳಿದರು. ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ಕೇಳಿದರೆಂದರೆ ಸಾಲಿನಲ್ಲಿದ್ದ ಮಕ್ಕಳು ಸುಮ್ಮನಾದರು.

ಗಂಟಲುನೋವಿನಿಂದ ಶುರುವಾಗಿ ಕೀಲಿಗೆ ಬಂದು, ಕೀಲಿನಿಂದ ಹೃದಯದ ಕವಾಟಕ್ಕೆ ಇಳಿಯುವ ಜ್ವರ ಅದು. ಕವಾಟ ಸೋರುತ್ತಿದೆ, ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗಬೇಕು ಅಂದರು. ಇನ್ನೊಂದು ಸಲ ಆ ಜ್ವರ ಬಂದರೆ ಕವಾಟ ಇನ್ನೂ ಕೆಡುತ್ತದೆ, ಬರದ ಹಾಗೆ ಮೂರು ವಾರಕ್ಕೊಂದು ಪೆನ್ಸಿಲಿನ್ ಸೂಜಿ, ವರ್ಷಗಟ್ಟಲೆ. ಮೊದಲನೆಯದನ್ನು ನಾವಿರುವಾಗಲೇ ಕೊಡೋಣ ಅಂದರು. ಆಂಡರ್ಸನ್‌ಪೇಟೆಯ ಮೆಡಿಕಲ್ ಶಾಪುಗಳಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಬಂಗಾರಪೇಟೆಯಲ್ಲಿ ಸಿಕ್ಕಿತು. ಮಾರನೇ ಬೆಳಿಗ್ಗೆ ಊಟದ ಡಬ್ಬಿಯ ಜೊತೆಗಿಟ್ಟುಕೊಂಡು ತಂದೆ. ಆ ಪುಡಿ ನೀರು ಬೆರೆಸಿದರೆ ಗಂಜಿಯ ಹಾಗೆ ಗಟ್ಟಿ, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ದಪ್ಪ ಸೂಜಿಯೇ ಬೇಕು. ಟ್ರೇಯಲ್ಲಿ ಎಲ್ಲ ಜೋಡಿಸಿಡುತ್ತಿದ್ದಾಗ ಅಡುಗೆಯಾಕೆ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕರೆದಳು. ಅಡುಗೆಮನೆಗೆ ಹೋದೆ.

"ಸಿಸ್ಟರ್, ಮಗೀಗೆ ಏನ್ ಸೂಜಿ ಆಕ್ತೀರಾ?"

"ಪೆನ್ಸಿಲಿನ್ ಅಂತ. ಯಾಕೆ?"

"ಅದು ಬ್ಯಾಡ ಸಿಸ್ಟರ್. ಮೂರೊರ್ಸ ಇದ್ದಾಗ ಜ್ವರ ಅಂತ ಬಂಗಾರಪೇಟೆಗೆ ಕರ್ಕೊಂಡೋಗಿದ್ದೆ. ಅದೇ ಸೂಜಿ ಆಕುದ್ರು. ಬೆಂಚ್ ಮೇಲೆ ಕೂರ್ಸಿಲ್ಲ ಇನ್ನ, ಮಕ ಎಲ್ಲ ಉಬ್ಕೊಂತು, ತುಟಿ ನೀಲಿಗಾಯ್ತು, ಉಸ್ರು ಎಳಿಯಕ್ಕೇ ಆಗ್ಲಿಲ್ಲ. ಡಾಕ್ಟರೇ ಎದ್ದು ಓಡ್ಬಂದು ಏನೇನೋ ಆಕಿ ಉಳ್ಸಿದ್ರು. ಜಲ್ಮದಲ್ಲಿ ಈ ಸೂಜಿ ಆಕುಸ್ಬ್ಯಾಡ, ಎಲ್ಲಿಗೋದ್ರೂ ಈ ಚೀಟಿ ತೋರ್ಸು ಅಂತ ಬರ್ದುಕೊಟ್ರು. ಇಲ್ಲಿ ಸೇರುಸ್ವಾಗ ಆಫೀಸಲ್ಲಿ ಕೊಟ್ಟಿದ್ದೆ. ಫೈಲಲ್ಲಿ ಐತಲ್ವಾ?"

ಚೀಟಿಯ ಮೇಲೆ ಮಗುವನ್ನು ಕರೆತಂದವರು ಅಂತ ತಾಯಿಯ ಹೆಸರು ಇದ್ದೇ ಇರುತ್ತದೆ. ಹೆಸರು ಕಂಡರೆ ನಾನು ಎಳೆದಿರುತ್ತೇನೆ. ಅದೇ ಒಲೆಯ ಮುಂದೆ ನಿಂತು ಅವಳು ಕೇಳುತ್ತಿದ್ದಳು.

"ನಾನ್ ಏಳ್ದೆ ಅಂತ ಮಾತ್ರ ಅನ್ಬ್ಯಾಡಿ. ತಾಯಿ ಅವ್ಳೆ ಅಂತ ಗೊತ್ತಾದ್ರೆ ಮಗೀನ ಆಚೆ ಕಳುಸ್ತಾರೆ. ಆಮೇಲೆ ಆ ಎದೆ ಇಟ್ಕೊಂಡು ನಾನೆಲ್ಲಿಗೆ ಓಗ್ಲಿ? ನೀವೇ ಏನಾರ ಮಾಡಿ" ಅಂದಳು.

ಏನಾರ ಮಾಡೋಣ ಅಂತ ಡಾಕ್ಟರಮ್ಮನ ಹತ್ತಿರ ಹೋದೆ. ಈ ಹುಡುಗಿಗೆ ಹಿಂದೊಮ್ಮೆ ಈ ಔಷಧಿ ಒಗ್ಗಿರಲಿಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟರು. ಯಾವಾಗ? ಯಾರು ನೋಡಿದ್ದು? ಸೂಜಿ ಕೊಟ್ಟ ಎಷ್ಟು ಹೊತ್ತಿಗೆ? ಉಸಿರಿಗೆ ತೊಂದರೆ ಆಯಿತಾ? ಸರಿಯಾದ ಪ್ರಶ್ನೆಗಳೇ. ಪಕ್ಕದಲ್ಲೇ ವಾರ್ಡನ್ ನಿಂತಿದ್ದರು, ಹುಬ್ಬು ಮೇಲೇರಿತ್ತು. ನಮ್ಮಲ್ಲಿ ಬಂದ ಮೇಲೆ ಅಂಥದ್ದೇನೂ ಆಗಿಲ್ಲವೆಂದು ಅವರಿಗೆ ಗೊತ್ತು, ಬರುವ ಮೊದಲಿನದನ್ನು ನೋಡಿದವರು ಫೈಲಿನ ಪ್ರಕಾರ ಭೂಮಿ ಮೇಲೆ ಯಾರೂ ಇಲ್ಲ. ದೊಡ್ಡದು ಹೇಳಿದರೆ ಸಾಕ್ಷಿ ಕೇಳುತ್ತಾರೆ ಅಂತ ಹೆದರಿ ಚಿಕ್ಕದು ಹೇಳಿದೆ. "ನಾನೇ ನೋಡಿದ್ದು. ಮೈಮೇಲೆ ಒಂಚೂರು ತುರಿಕೆ, ಗಂಧೆ ಎದ್ದಿತ್ತು" ಅಂದೆ.

ಅವರು ನಿಟ್ಟುಸಿರು ಬಿಟ್ಟು ನಕ್ಕರು. ಬರೀ ಗಂಧೆಯಾದರೆ ಹೆದರಬೇಕಾಗಿಲ್ಲ, ಇಂಥ ಸಣ್ಣ ಕಾರಣಕ್ಕೆ ಎಷ್ಟೋ ಮಕ್ಕಳಿಗೆ ಒಳ್ಳೆಯ ಔಷಧಿ ತಪ್ಪಿಹೋಗುತ್ತದೆ ಅಂದರು. ಬೇರೆ ಮಾತ್ರೆ ಇದೆ, ಆದರೆ ದಿನಕ್ಕೆರಡು ಸಲ ವರ್ಷಗಟ್ಟಲೆ, ತಪ್ಪಿದರೆ ಕವಾಟಕ್ಕೆ ಕೇಡು. ಅದಕ್ಕಿಂತ ಸೂಜಿಯೇ ಭದ್ರ. ನಾಳೆ ಬೆಳಿಗ್ಗೆ ಚರ್ಮದಲ್ಲಿ ಒಂದು ಹನಿ ಹಾಕಿ ಪರೀಕ್ಷೆ ಮಾಡೋಣ, ಆಮೇಲೆ ಪೂರ್ತಿ ಕೊಡೋಣ ಅಂತ ಬರೆದುಕೊಂಡರು. ಫೈಲಿನಲ್ಲಿ ಈಗ 'ಸ್ವಲ್ಪ ಗಂಧೆ' ಅಂತ ಬಿತ್ತು. ತುಟಿ ನೀಲಿಯಾದ ಮಗುವಿಗೆ ಆ ಒಂದು ಹನಿಯೇ ಸಾಕಾಗಬಹುದು. ನನ್ನ ಸುಳ್ಳು ಸೂಜಿಯನ್ನು ಒಂದು ದಿನ ಮುಂದಕ್ಕೆ ಹಾಕಿತ್ತು, ಅಷ್ಟೇ ಅದರ ಲಾಭ.

ಮಧ್ಯಾಹ್ನ ವಾರ್ಡನ್ ಜಗುಲಿಗೆ ಕರೆದರು. ಎಲ್ಲ ಹೇಳಿದೆ, ಒಲೆಗೆ ಹಾಕಿದ ಚೀಟಿ ಸೇರಿಸಿ. ಅವರು ಕೆಟ್ಟ ಮನುಷ್ಯರಲ್ಲ. ಅವರೂ ಇಂಥದ್ದೇ ಮನೆಯಲ್ಲಿ ಬೆಳೆದವರು, ಮಕ್ಕಳ ತಟ್ಟೆಗೆ ಬಡಿಸಿದ ಮೇಲೆಯೇ ತಾವು ಉಣ್ಣುವವರು. ತಲೆ ಹಿಡಿದುಕೊಂಡು ಶುರುಮಾಡಿದರು.

"ಏನಮ್ಮಾ ಮಾಡೋದು. ಒಂದು ಫೈಲ್ ಸುಳ್ಳು ಅಂತ ಗೊತ್ತಾದ್ರೆ ಎಲ್ಲಾ ಫೈಲ್ ಬಿಚ್ತಾರೆ. ಮೂವತ್ತು ಮಕ್ಳ ಸೋರಿಗೆ ಮಣ್ಣು ಹಾಕ್ತೀಯಾ?" ಸೋರು ಅಂದರೆ ಅನ್ನ, ತಲೆ ಬಿಸಿಯಾದರೆ ಅವರಿಗೆ ತಮಿಳೇ ಬರುತ್ತದೆ. ಆಮೇಲೆ ದನಿ ತಗ್ಗಿಸಿ ಹೇಳಿದರು. "ಪರೀಕ್ಷೆ ಮಾಡೋದು ನೀನು ತಾನೇ? ಬರೀ ನೀರು ಹಾಕು. ಸ್ವಲ್ಪ ಕೆರೆದ್ಬಿಡು, ಕೆಂಪಾಗುತ್ತೆ. ಒಗ್ಗಲಿಲ್ಲ ಅಂತ ಹೇಳು. ಮಗುಗೂ ಏನಾಗಲ್ಲ, ಮನೆಗೂ ಏನಾಗಲ್ಲ."

ಸಂಜೆ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನನ್ನ ಮೊಣಕೈ ಕೆಳಗೆ ಉಗುರಿನಿಂದ ಕೆರೆದು ನೋಡಿಕೊಂಡೆ. ಕೆಂಪಾಯಿತು, ಬಂಗಾರಪೇಟೆ ಬರುವಷ್ಟರಲ್ಲಿ ಮಾಯವಾಯಿತು. ಡಾಕ್ಟರಮ್ಮ ಅರ್ಧ ಗಂಟೆ ಬಿಟ್ಟು ನೋಡುತ್ತಾರೆ. ಇನ್ನೂ ಜೋರಾಗಿ ಕೆರೆಯಬೇಕು ಅಂದುಕೊಂಡೆ. ಎದುರಿಗೆ ಕೂತಿದ್ದ ಹೂವಿನವಳು, ಏನಮ್ಮಾ ತುರಿಕೆಯಾ, ಬೇವಿನೆಣ್ಣೆ ಹಚ್ಚು ಅಂದಳು. ಹಚ್ತೀನಮ್ಮಾ ಅಂದೆ. ಮನೆಯಲ್ಲಿ ಹಾಲು ಕರೆಯುವಾಗ ಹಸು ಒದ್ದಿತು.

ಮೂರನೇ ದಿನ ಬೆಳಿಗ್ಗೆ ನಾನು ಟ್ರೇ ಹತ್ತಿರ ಹೋಗುವಷ್ಟರಲ್ಲಿ ಡಾಕ್ಟರಮ್ಮ ಕೈ ತೊಳೆದು ಗ್ಲವ್ಸ್ ಹಾಕಿಕೊಂಡಿದ್ದರು. ನಿನ್ನೆ ನಿನ್ನ ಮುಖ ನೋಡಿದೆ, ನೀನು ಹೆದರಿದ್ದೀಯ, ಇದನ್ನು ನಾನೇ ಮಾಡುತ್ತೇನೆ, ನೀನು ಮಗುವಿನ ಜೊತೆ ಮಾತಾಡುತ್ತಿರು ಅಂದರು. ನನ್ನ ಮೇಲಿನ ಕರುಣೆಯಿಂದ ಅಂದ ಮಾತು. ಅಡಕತ್ತರಿಗೆ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ಎರಡೂ ಕಡೆಯ ಅಲಗು ಆಗ ಮೈಗೆ ತಾಗಿತು. ಅವರು ಔಷಧಿಯನ್ನು ತೆಳುವಾಗಿ ಬೆರೆಸಿ ಸಣ್ಣ ಸಿರಿಂಜಿಗೆ ಎಳೆದರು. ಹುಡುಗಿ ಕುರ್ಚಿಯಲ್ಲಿ ಕೂತು ಎಡಗೈ ಚಾಚಿದ್ದಳು. ತಂಡದ ಹುಡುಗಿಯೊಬ್ಬಳು ವಿಡಿಯೋ ಹಿಡಿದಿದ್ದಳು, ಅಲ್ಲಿ ನೆರವು ಕೊಡುವವರಿಗೆ ಕಳಿಸಲು. ವಾರ್ಡನ್ ಕಿಟಕಿ ಹತ್ತಿರ ನಿಂತಿದ್ದರು, ಅವರ ಮುಖದಲ್ಲಿ ರಕ್ತವಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದಳು. ನಾನು ಎಲ್ಲ ಸರಿಮಾಡಿದ್ದೇನೆ ಅಂತ ಅವಳು ನಂಬಿದ್ದಳು.

ಸೂಜಿಗೆ ಮುಂಚೆ ಪ್ರಾರ್ಥನೆ. ಡಾಕ್ಟರಮ್ಮ ಕಣ್ಣು ಮುಚ್ಚಿದರು, ಒಂದೊಂದು ಸಾಲು ಅವರು ಹೇಳಿದ ಮೇಲೆ ನಾನು ಕನ್ನಡದಲ್ಲಿ ಹೇಳಬೇಕು. ದೇವರೇ, ಈ ಮಗುವಿನ ಹೃದಯವನ್ನು ಕಾಪಾಡು ಅಂದರು, ಹೇಳಿದೆ. ನಮ್ಮ ಕೈಗಳನ್ನು ಕಾಪಾಡು ಅಂದರು, ಹೇಳಿದೆ. ಈ ಮಗುವಿಗೆ ಈ ಲೋಕದಲ್ಲಿ ತಾಯಿಯಿಲ್ಲ ಅಂದರು. ನಾನು ಬಾಯಿ ತೆರೆದೆ. ಬಾಗಿಲಲ್ಲಿ ನಿಂತವಳ ಮುಖ ನೋಡಿಕೊಂಡು ಆ ಸಾಲು ಹೇಳಲು ಆಗಲಿಲ್ಲ. ವರ್ಷ ವರ್ಷವೂ ಹೇಳಿದ್ದೆ, ಆವತ್ತು ಆಗಲಿಲ್ಲ.

ಸ್ವಲ್ಪ ತಡೆಯಿರಿ ಅಂದು ಹೋಗಿ ಅವಳ ಕೈ ಹಿಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಸೂಜಿ ತುಂಬಿಯಾಯ್ತು ಕಣಮ್ಮ, ಅವರೇ ಹಾಕ್ತಾರೆ. ನನ್ನ ಕೈಲಿ ಆಗ್ಲಿಲ್ಲ. ನೀನೇ ಬಂದು ಹೇಳು" ಅಂದೆ. ಅವಳು ವಾರ್ಡನ್ ಮುಖ ನೋಡಿದಳು, ಸಿರಿಂಜು ನೋಡಿದಳು. ಚೌಕಟ್ಟು ಬಿಟ್ಟು ಬಂದಳು.

"ನಾನು ಇವಳ ತಾಯಿ ಅಮ್ಮಾ" ಅಂದಳು ಡಾಕ್ಟರಮ್ಮನಿಗೆ. "ಇವ್ಳಿಗೆ ಆ ಸೂಜಿ ಆಕ್ಬ್ಯಾಡಿ, ಸತ್ತೋಗ್ತಾಳೆ."

'ನಾನು ಇವಳ ತಾಯಿ' ಅಂತಲೇ ನಾನೂ ಇಂಗ್ಲಿಷಿನಲ್ಲಿ ಹೇಳಿದೆ. ಬೆಂಚು, ಉಬ್ಬಿದ ಮುಖ, ನೀಲಿ ತುಟಿ, ಚೀಟಿ, ಅವಳು ಹೇಳಿದ ಹಾಗೆ ಒಂದೊಂದೇ ಹೇಳಿದೆ. ಡಾಕ್ಟರಮ್ಮ ಸಿರಿಂಜನ್ನು ಟ್ರೇಯಲ್ಲಿ ಇಟ್ಟರು. ವಿಡಿಯೋ ಹಿಡಿದವಳು ಫೋನು ಇಳಿಸಿದಳು. ನಿನ್ನೆ ಗಂಧೆ, ಇವತ್ತು ನೀಲಿ ತುಟಿ, ನಿನ್ನೆ ನೋಡಿದವಳು ನಾನು, ಇವತ್ತು ಅಡುಗೆಯಾಕೆ. ಯಾರಿಗಾದರೂ ಅನುಮಾನ ಬರುತ್ತದೆ. ಡಾಕ್ಟರಮ್ಮ ಹುಡುಗಿಯ ಮುಂದೆ ಮಂಡಿಯೂರಿ ಕೂತು ಮೆತ್ತಗೆ ಕೇಳಿದರು. ಅದನ್ನು ನಾನೇ ಕನ್ನಡಕ್ಕೆ ತಿರುಗಿಸಬೇಕಾಯಿತು.

"ಇವರು ನಿನ್ನ ಅಮ್ಮಾನಾ?"

ಹುಡುಗಿ ವಾರ್ಡನ್ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ತಪ್ಪಿಲ್ಲದೆ ಪಾಠ ಒಪ್ಪಿಸಿ ಎಲ್ಲರನ್ನೂ ಉಳಿಸುತ್ತೇನೆ ಅನ್ನುವ ಹಾಗಿತ್ತು ಅವಳ ಮುಖ. "ಅಲ್ಲ. ನನಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಯಾರೂ ಇಲ್ಲ" ಅಂದಳು. ಕೊನೆಯಲ್ಲಿ ತಲೆ ತಗ್ಗಿಸಬೇಕು ಅಂತ ಹೇಳಿಕೊಟ್ಟಿದ್ದೆ, ತಗ್ಗಿಸಿದಳು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಮಗಳು ಸರಿಯಾಗೇ ಹೇಳಿದ್ದಾಳೆಂದು ಅವಳಿಗೂ ಗೊತ್ತಿತ್ತು.

ಎಲ್ಲರೂ ನನ್ನ ಇಂಗ್ಲಿಷಿಗೆ ಕಾಯುತ್ತಿದ್ದರು. ಹುಡುಗಿಯ ಮಾತನ್ನು ಇದ್ದ ಹಾಗೇ ಹೇಳಿದೆ. ಹೇಳಿ, ಆ ಕೆಲಸಕ್ಕೆ ನಿಂತಮೇಲೆ ಮೊದಲ ಸಲ ನನ್ನ ಸ್ವಂತ ಮಾತು ಸೇರಿಸಿದೆ. ಇದನ್ನು ಅವಳಿಗೆ ಹೇಳಿಕೊಟ್ಟವಳು ನಾನು. ಇವಳು ಅವಳ ತಾಯಿ. ಚೀಟಿ ಇತ್ತು, ಅದನ್ನು ಓದದೆ ಒಲೆಗೆ ಹಾಕಿದವಳೂ ನಾನೇ. ನಿನ್ನೆ ಹೇಳಿದ್ದು ಸುಳ್ಳು. ಇಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣೀರು ಟ್ರೇ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳುವ ಯೋಚನೆಯೂ ಬರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಸಿರಿಂಜಿನಲ್ಲಿದ್ದುದನ್ನು ಹತ್ತಿಗೆ ಚಿಮ್ಮಿಸಿ ಕಸದ ಡಬ್ಬಿಗೆ ಹಾಕಿದರು. ಫೈಲಿನ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಪೆನ್ಸಿಲಿನ್ ಕೊಡಕೂಡದು ಅಂತ ಬರೆದರು, ಕೆಳಗೆ ಬೇರೆ ಮಾತ್ರೆಯ ಹೆಸರು, ಬೆಳಿಗ್ಗೆ ಒಂದು ಸಂಜೆ ಒಂದು. ಆಮೇಲೆ ನನ್ನನ್ನು ನೋಡಿ ಒಂದೇ ಮಾತು ಕೇಳಿದರು, ಹೀಗೆ ಇನ್ನೆಷ್ಟು ಮಕ್ಕಳ ಕಾಗದ ಹೋಗಿದೆ ಅಂತ. ಓದಿದ್ದರೆ ತಾನೇ ನನಗೆ ಗೊತ್ತಿರುವುದು.

ಉಳಿದ ದಿನ ನಾನು ಫೋನು ಮಾಡಿ ಬರಬೇಡಿ ಅಂದಿದ್ದವರಿಗೆಲ್ಲ ಮತ್ತೆ ಫೋನು ಮಾಡಿ ಬನ್ನಿ ಅಂದೆ. ಅರ್ಧ ಜನ ನಂಬಲಿಲ್ಲ, ಒಂಬತ್ತು ಜನ ಬಂದರು. ಅವರಿಂದ ಒಂದು ಫಿಟ್ಸು ತಿಳಿಯಿತು, ಒಂದು ಹಳೇ ಆಪರೇಷನ್ ತಿಳಿಯಿತು. ತಂಡ ಹೋಯಿತು. ನೆರವು ಪೂರ್ತಿ ನಿಲ್ಲಲಿಲ್ಲ, ಆದರೆ ತಾಯಿ ಇದ್ದಾಳೆಂದು ರುಜುವಾತಾದ ಮಗುವಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ ಅಂತ ಕಾಗದ ಬಂತು. ಹುಡುಗಿ ಹೊರಟಳು, ಅವಳ ಹಿಂದೆ ತಾಯಿಯೂ ಕೆಲಸ ಬಿಟ್ಟು ಹೊರಟಳು. ಡಾಕ್ಟರಮ್ಮ ಸ್ವಂತವಾಗಿ ವ್ಯವಸ್ಥೆ ಮಾಡಿ ಸ್ಕ್ಯಾನ್ ಮಾಡಿಸಿದರು, ಮಾತ್ರೆಗೂ ದಾರಿ ಮಾಡಿದರು. ಸದ್ಯಕ್ಕೆ ಆಪರೇಷನ್ ಬೇಡ, ಮಾತ್ರೆ ಒಂದು ಹೊತ್ತೂ ತಪ್ಪಬಾರದು. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ನಾನಾಗಿ ಬಿಡೋಣವೆಂದರೆ ಯಾವ ಮಗುವಿಗೆ ಯಾರಿದ್ದಾರೆ ಅನ್ನುವುದು ಈಗ ನನ್ನ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಪೂರ್ತಿಯಾಗಿಲ್ಲ. ಒಂದೊಂದೇ ಬರೆಯುತ್ತಿದ್ದೇನೆ.

ಮೊದಲ ತಿಂಗಳ ಮಾತ್ರೆ ಮುಗಿಯುವಷ್ಟರಲ್ಲಿ ಎರಡನೆಯ ತಿಂಗಳದ್ದನ್ನು ತೆಗೆದುಕೊಂಡು ನಾನೇ ಬೇತಮಂಗಲದ ಬಸ್ಸು ಹತ್ತಿದೆ. ಬಾಗಿಲ ಹೊರಗೆ ಇರುವಾಗಲೇ ಹುಡುಗಿಯ ದನಿ ಕೇಳಿಸಿತು, ಅಮ್ಮಾ ನೀರು ಕಾದೈತೆ ಅಂತ ಕೂಗುತ್ತಿದ್ದಳು. ಎಷ್ಟು ಸಂತೋಷವಾಯಿತೆಂದರೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದೆ. ನನ್ನನ್ನು ಕಂಡದ್ದೇ ಹುಡುಗಿ ಎದ್ದು ಗೋಡೆಗೆ ಒರಗಿ ಕೈಕಟ್ಟಿ ನಿಂತಳು. "ಚಿಕ್ಕಮ್ಮ, ಸಿಸ್ಟರ್ ಬಂದವ್ರೆ" ಅಂದಳು ತಾಯಿಗೆ.

"ಈಗ ಅಂಗೆಲ್ಲ ಅನ್ಬೇಕಾಗಿಲ್ಲ ಕಣೆ, ಅಮ್ಮ ಅನ್ನು" ಅಂದೆ. ಅವಳು ನನ್ನನ್ನೇ ನೋಡುತ್ತಾ ನಿಂತಳು. ತಾಯಿ ಟೀ ಇಟ್ಟಳು, ಬೇಡ ಅಂದೆ, ಇಟ್ಟಳು. ನಾನು ಕೂತಿದ್ದ ಅಷ್ಟು ಹೊತ್ತೂ ಹುಡುಗಿ ಗೋಡೆ ಬಿಟ್ಟು ಬರಲಿಲ್ಲ.

ಬಸ್ಸಿಗೆ ಬಿಡಲು ಬಂದ ತಾಯಿ ದಾರಿಯಲ್ಲಿ ಹೇಳಿದಳು. "ಅಮ್ಮ ಅನ್ನಕ್ಕೇ ಇಪ್ಪತ್ತು ದಿನ ಇಡೀತು ಸಿಸ್ಟರ್. ಯಾರ್ ಬಂದ್ರೂ ಅಂತಾಳೆ ಈಗ. ನೀವ್ ಬಂದ್ರೆ ಮಾತ್ರ..." ನನಗೆ ನೋವಾಗುತ್ತದೆಂದು ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಪ್ರತಿ ತಿಂಗಳೂ ಅದೇ ಬಸ್ಸಿನಲ್ಲಿ ಹೋಗುತ್ತೇನೆ. ಹಾಲಿನ ಡೇರಿ ಮುಂದೆ ಇಳಿದು, ಡೇರಿಯವರ ಕೈಗೆ ಮಾತ್ರೆಯ ಪೊಟ್ಟಣ ಕೊಟ್ಟು, ಬಸ್ಸು ತಿರುಗಿ ಬರುವ ತನಕ ಮರದ ಕೆಳಗೆ ನಿಂತಿರುತ್ತೇನೆ. ಅವರ ಮನೆ ಅಲ್ಲಿಂದ ಇನ್ನೂರು ಹೆಜ್ಜೆ. ಬಾಗಿಲು ಕಾಣಿಸುತ್ತದೆ, ನಾನು ಹೋಗುವುದಿಲ್ಲ.